ಕೈ ಚಾಚದ ಪ್ರಯಾಣಿಕ

ತುಂಬಿದ ಬಸ್ಸಿನಲ್ಲಿ ಕಂಡಕ್ಟರಿಗೆ ಮುಖಗಳು ಕಾಣುವುದು ಕಡಿಮೆ. ಕಾಣುವುದು ಕೈಗಳು. ಭುಜಗಳ ಸಂದಿಯಿಂದ, ಸೀಟಿನ ಹಿಂದಿನಿಂದ, ನಿದ್ದೆ ಹೋದ ಮಗುವಿನ ತಲೆಯ ಮೇಲಿನಿಂದ ಚಾಚಿಕೊಂಡು ಬರುವ ಕೈಗಳು. ಊರಿನ ನಿಲ್ದಾಣದಿಂದ ನದಿಯಾಚೆಯ ಸೇತುವೆ ಸ್ಟಾಪಿನವರೆಗೆ ಮೂವತ್ತೊಂದು ಕಿಲೋಮೀಟರು. ಆ ಒಂದೇ ಮಾರ್ಗದಲ್ಲಿ ಇಪ್ಪತ್ತೆರಡು ವರ್ಷ ಟಿಕೆಟ್ ಕೊಟ್ಟಿರುವ ಹೆಂಗಸನ್ನು ಅಲ್ಲಿ ಎಲ್ಲರೂ ಕರೆಯುವುದು ‘ಅಕ್ಕ’ ಎಂದು. ಅಕ್ಕ ಜನರನ್ನು ನೆನಪಿಟ್ಟುಕೊಳ್ಳುವುದು ಕೈಗಳಿಂದ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಒಣಗಿದ ಕೈ ಎರಡನೇ ಸ್ಟಾಪಿನ ಪೇಂಟರದು. ಕಿರುಬೆರಳು ಸೊಟ್ಟಗಿರುವ ಕೈ ಹೊಲಿಗೆ ಶಾಲೆಯ ಟೀಚರದು. ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

ಮನೆಯಲ್ಲಿ ಇದೊಂದು ತಮಾಷೆಯ ವಿಷಯ. ‘ಉಪ್ಪಿನ ಡಬ್ಬ ಎಲ್ಲಿಟ್ಟೆ ಅಂತ ಜ್ಞಾಪಕ ಇರಲ್ಲ ಇವಳಿಗೆ, ಊರೋರ ಕೈಯೆಲ್ಲ ಬಾಯಿಪಾಠ’ ಎಂದು ಅತ್ತೆ ಆಡಿಕೊಳ್ಳುತ್ತಾರೆ. ಗಂಡ ದರ್ಜಿ. ಅವರು ಒಮ್ಮೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೇಳಿದ್ದರು: ‘ನನ್ನ ಕೈಲಿ ಮಚ್ಚೆ ಎಲ್ಲಿದೆ ಹೇಳು ನೋಡೋಣ.’

‘ನೀವು ಯಾವತ್ತು ನನ್ನ ಹತ್ರ ಟಿಕೆಟ್ ತಗೊಂಡಿದ್ದೀರಿ?’ ಎಂದಿದ್ದರು ಅಕ್ಕ.

ಅವರಿಗೆ ಕೆಲಸ ಕಲಿಸಿದ ಡ್ರೈವರಿಗೆ ಡಿಪೋದಲ್ಲಿ ‘ಹಾರನಣ್ಣ’ ಎಂದು ಹೆಸರು. ಹಾರನ್ ಒತ್ತುವುದಕ್ಕೆ ಅಷ್ಟು ಜಿಪುಣ ಎಂಬ ಕಾರಣಕ್ಕೆ ಬಿದ್ದ ಹೆಸರು ಅದು. ಅಕ್ಕ ಕೆಲಸಕ್ಕೆ ಸೇರಿದ ಮೊದಲ ದಿನ, ಹತ್ತುತ್ತಿದ್ದ ಮುದುಕಿಯ ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ ಎರಡು ವಿಸಲ್ ಊದಿಬಿಟ್ಟರು. ಒಂದು ವಿಸಲ್ ಎಂದರೆ ಹೋಲ್ಡಾನ್, ನಿಲ್ಲು. ಎರಡು ಎಂದರೆ ರೈಟ್, ಹೊರಡು. ಬಸ್ಸು ಅಲ್ಲಾಡಲಿಲ್ಲ. ಹಾರನಣ್ಣ ಎಡಗಡೆಯ ಕನ್ನಡಿಯಲ್ಲಿ ಆ ಕಾಲನ್ನು ನೋಡಿದ್ದರು. ಊಟದ ಹೊತ್ತಿನಲ್ಲಿ ಅವರು ಸಿಟ್ಟಿಲ್ಲದೆ ಹೇಳಿದ ಮಾತು ಅಕ್ಕನಿಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. ‘ನೋಡಮ್ಮ, ಇವತ್ತೊಂದು ದಿನ ಕನ್ನಡಿ ನೋಡಿದ್ದೀನಿ. ನಾಳೆಯಿಂದ ನಿನ್ನ ವಿಸಲೇ ನನ್ನ ಕಣ್ಣು. ಒಂದು ಊದು, ಎದುರಿಗೆ ಏನೇ ಇರಲಿ ನಿಲ್ಲಿಸ್ತೀನಿ. ಆಮೇಲೆ ಎರಡು ಊದೋವರೆಗೆ ದೇವರೇ ಬಂದು ತಳ್ಳಿದ್ರೂ ಬಿಡಲ್ಲ.’

ಹದಿನಾರು ವರ್ಷ ಇಬ್ಬರೂ ಹಾಗೆ ದುಡಿದರು. ಆರು ವರ್ಷದ ಹಿಂದೆ ಹಾರನಣ್ಣ ನಿವೃತ್ತರಾದರು. ಮನೆ ನದಿಯಾಚೆ, ಸೇತುವೆ ಸ್ಟಾಪಿನ ಪಕ್ಕದ ಓಣಿಯಲ್ಲಿ. ಅಲ್ಲಿಂದ ದಂಡೆಯ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋದರೆ ಐವತ್ತೆರಡು ಮಂದಿ ವಯಸ್ಸಾದವರು ಇರುವ ಒಂದು ಆಶ್ರಮ. ಅದರ ವ್ಯಾನು ಓಡಿಸುವ ಕೆಲಸ ಹಿಡಿದರು. ಊರಿಗೆ ಬಂದರೆ ತಮ್ಮ ಹಳೆಯ ಬಸ್ಸಿನಲ್ಲೇ ಮರಳುತ್ತಿದ್ದರು. ಸೀಟು ಖಾಲಿ ಇದ್ದರೂ ಕೂರುವುದಿಲ್ಲ. ಡ್ರೈವರಿನ ಪಕ್ಕ, ಎಂಜಿನ್ನಿನ ಮುಚ್ಚಳಕ್ಕೆ ಸೊಂಟ ಆನಿಸಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ರಸ್ತೆ ನೋಡುತ್ತ ನಿಲ್ಲುತ್ತಿದ್ದರು. ನಿವೃತ್ತ ನೌಕರರಿಗೆ ಪಾಸು ಇರುತ್ತದೆ. ಅಕ್ಕ ಅದನ್ನು ಒಂದು ದಿನವೂ ಕೇಳಿದವರಲ್ಲ.

ಸೋಂಕು ಆ ಸೀಮೆಗೆ ಬಂದ ತಿಂಗಳು, ಒಂದು ಬುಧವಾರ ಸಂಜೆ, ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ಜಿಲ್ಲೆಯ ಗಡಿಗಳನ್ನು ಮುಚ್ಚಲಾಗಿದೆ, ಬಸ್ ಸಂಚಾರ ಬಂದ್. ಇನ್ನೊಂದು, ಸೋಮವಾರ ಬೆಳಗಿನ ಒಂಬತ್ತು ನಲವತ್ತರ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕೆಮ್ಮುತ್ತಿದ್ದ ಗಡಿಯಾರ ರಿಪೇರಿಯವರಿಗೆ ಸೋಂಕು ಖಚಿತವಾಗಿದೆ. ಅದು ಅಕ್ಕನ ಬಸ್ಸು. ರಾತ್ರಿಯಾಗುವ ಮೊದಲೇ ಅಕ್ಕನನ್ನೂ ಅಂದಿನ ಡ್ರೈವರನ್ನೂ ಒಂದು ಶಾಲೆಯ ಬೇರೆ ಬೇರೆ ಕೊಠಡಿಗಳಿಗೆ ಕರೆತಂದು ಪ್ರತ್ಯೇಕವಾಗಿ ಇರಿಸಿದರು. ಡ್ರೈವರಿಗೆ ಆಗಲೇ ಜ್ವರ, ಮಾತು ಕಷ್ಟ. ಅಕ್ಕನ ಮೊದಲ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಆದರೂ ದಿನಗಳು ಮುಗಿಯುವವರೆಗೆ ಹೊರಗೆ ಬರುವಂತಿರಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಹೊರಗಿನ ವರಾಂಡದಲ್ಲಿ ಒಂದು ಬೆಂಚು ಹಾಕಿಕೊಂಡು ಇಬ್ಬರು ಕೂತರು. ಒಬ್ಬರು ಆರೋಗ್ಯ ಇಲಾಖೆಯ ಡಾಕ್ಟರಮ್ಮ. ಇನ್ನೊಬ್ಬರು ಅದೇ ಶಾಲೆಯ ಮೇಷ್ಟ್ರು, ಸರ್ವೆ ಕೆಲಸಕ್ಕೆ ಹಾಕಿದ್ದರು. ಟಿಕೆಟ್ ಯಂತ್ರ ಹೇಳಿದ್ದು ಇಷ್ಟೇ: ಆ ಟ್ರಿಪ್ಪಿನಲ್ಲಿ ನಲವತ್ತೊಂದು ಜನ, ಯಾರು ಯಾವ ಸ್ಟಾಪಿನಿಂದ ಯಾವ ಸ್ಟಾಪಿಗೆ. ಹೆಸರಿಲ್ಲ, ಫೋನಿಲ್ಲ.

‘ಒಂದಿಬ್ಬರಾದ್ರೂ ಜ್ಞಾಪಕಕ್ಕೆ ಬಂದ್ರೆ ಸಾಕಮ್ಮ’ ಎಂದರು ಡಾಕ್ಟರಮ್ಮ.

ಅಕ್ಕ ಕಣ್ಣು ಮುಚ್ಚಿದರು. ಬಲಗೈಯ ಬೆರಳುಗಳು ಟಿಕೆಟ್ ಹರಿಯುವಂತೆ ಗಾಳಿಯಲ್ಲಿ ಆಡತೊಡಗಿದವು. ‘ನಿಲ್ದಾಣದಲ್ಲಿ ಹತ್ತೊಂಬತ್ತು. ಮೊದಲನೇ ಕೈ, ಅಂಗೈಯಲ್ಲಿ ಇಂಕಿನ ಕಲೆ, ರಬ್ಬರ್ ಸ್ಟಾಂಪ್ ಅಂಗಡಿಯವರು. ಎರಡನೇದು ಬ್ಯಾಂಡೇಜು, ತೋರುಬೆರಳಿಗೆ, ಹೊಸದು. ಹಿಂದಿನ ದಿನ ಹಾಕಿಸಿದ್ದಿರಬೇಕು.’

ಮೇಷ್ಟ್ರು ತಲೆ ಎತ್ತಿ ನೋಡಿದರು. ‘ಬ್ಯಾಂಡೇಜ್ ಬರ್ಕೊಳ್ಳೋದಾ ಮೇಡಂ?’

‘ಬರ್ಕೊಳ್ಳಿ. ಹಿಂದಿನ ದಿನ ಬ್ಯಾಂಡೇಜ್ ಹಾಕಿದ್ದು ಯಾರಿಗೆ ಅಂತ ನಮ್ಮ ನರ್ಸನ್ನೇ ಕೇಳೋಣ.’

ಕೇಳಿದರು. ಎಂಟು ನಿಮಿಷದಲ್ಲಿ ಆ ಮನುಷ್ಯ ಸಿಕ್ಕಿದ. ಮೇಷ್ಟ್ರು ಆಮೇಲೆ ಪ್ರಶ್ನೆ ಕೇಳಲಿಲ್ಲ, ಬರೆಯುತ್ತ ಹೋದರು. ಒಂದೊಂದು ಕೈಯ ಬೆನ್ನು ಹತ್ತಿ ಒಂದೊಂದು ಓಣಿಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಾಗಿಲು ತಟ್ಟಿದರು. ಬಳೆಯ ಬದಲು ಕಪ್ಪು ದಾರ ಕಟ್ಟಿಕೊಂಡಿದ್ದ ಕೈ ನರ್ಸರಿ ಗಿಡ ಮಾರುವವಳದ್ದು. ಗಡಿಯಾರದ ಪಟ್ಟಿಯ ಬಿಳಿ ಗುರುತು ಮಾತ್ರ ಇದ್ದ ಮಣಿಕಟ್ಟನ್ನು ಹುಡುಕಬೇಕಾಗಲಿಲ್ಲ. ಬಿಚ್ಚಿದ ಗಡಿಯಾರ ಆ ರಿಪೇರಿಯವರ ಅಂಗಡಿಯಲ್ಲೇ ಇತ್ತು, ರಸೀದಿಯಲ್ಲಿ ಹೆಸರೂ ಇತ್ತು. ಹನ್ನೊಂದರ ಹೊತ್ತಿಗೆ ಇಪ್ಪತ್ತಾರು. ಒಂದೂವರೆಗೆ ಮೂವತ್ತೊಂಬತ್ತು. ಎರಡು ಗಂಟೆಗೆ ನಲವತ್ತೊಂದೂ ಮುಗಿದವು; ಮೇಷ್ಟ್ರು ಪೆನ್ನು ಕೆಳಗಿಟ್ಟು, ಎದ್ದು ನಿಂತು, ಕಿಟಕಿಯ ಕಡೆ ತಿರುಗಿ ಕೈ ಮುಗಿದರು.

‘ಇಪ್ಪತ್ತು ವರ್ಷ ಹಾಜರಿ ಕೂಗಿದ್ದೀನಮ್ಮ. ಎದುರಿಗೆ ಕೂತಿರೋ ಹುಡುಗರ ಹೆಸರೇ ಒಮ್ಮೊಮ್ಮೆ ತಪ್ಪುತ್ತೆ.’

‘ಅಯ್ಯೋ, ಕೂತ್ಕೊಳ್ಳಿ ಸಾರ್. ನಿಮ್ಮ ಹುಡುಗರು ಟಿಕೆಟ್ ತಗೊಳ್ಳಲ್ವಲ್ಲ.’

ಡಾಕ್ಟರಮ್ಮ ನಗಲಿಲ್ಲ. ಅವರು ಮತ್ತೊಂದು ಹಾಳೆ ನೋಡುತ್ತಿದ್ದರು. ಆಸ್ಪತ್ರೆಯ ಹಾಸಿಗೆಯಿಂದ ಗಡಿಯಾರ ರಿಪೇರಿಯವರು ಫೋನಿನಲ್ಲಿ ಹೇಳಿದ್ದರ ಟಿಪ್ಪಣಿ ಅದು. ‘ಇದೊಂದು ಉಳಿದುಬಿಡ್ತು. ಕೆಮ್ಮು ಜಾಸ್ತಿಯಾದಾಗ ಯಾರೋ ಪುಣ್ಯಾತ್ಮರು ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ಕೊಟ್ರಂತೆ. ಅದೇ ಮುಚ್ಚಳದಲ್ಲಿ ಆಮೇಲೆ ಅವರೂ ಕುಡಿದ್ರಂತೆ. ನಲವತ್ತೊಂದರಲ್ಲಿ ಯಾರದು ಈ ಕೈ?’

ಅಕ್ಕ ಮತ್ತೆ ಕಣ್ಣು ಮುಚ್ಚಿದರು. ಮೊದಲಿನಿಂದ ಎಲ್ಲ ಕೈಗಳನ್ನೂ ದಾಟಿದರು. ಫ್ಲಾಸ್ಕ್ ಹಿಡಿದ ಕೈ ಅದರಲ್ಲಿ ಇರಲಿಲ್ಲ. ಎರಡನೇ ಸಲ ದಾಟಿದರು. ಆಮೇಲೆ ಕಣ್ಣು ತೆರೆದು ಕಿಟಕಿಯ ಸರಳು ಹಿಡಿದುಕೊಂಡರು.

‘ಮೇಡಂ, ನಲವತ್ತೊಂದಲ್ಲ. ನಲವತ್ತೆರಡು. ನಮ್ಮ ಹಾರನಣ್ಣ ಇದ್ರು.’

ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತವರು. ಟಿಕೆಟಿಗೆ ಕೈ ಚಾಚದವರು. ಬಸ್ಸಿನಲ್ಲಿ ಅಕ್ಕನಿಗೆ ಎಲ್ಲರಿಗಿಂತ ಹತ್ತಿರದವರು ಅವರೊಬ್ಬರೇ, ಲೆಕ್ಕ ತಪ್ಪಿದ್ದೂ ಅವರೊಬ್ಬರದೇ. ಇಪ್ಪತ್ತೆರಡು ವರ್ಷದಲ್ಲಿ ಅವರನ್ನು ಅಕ್ಕ ಪ್ರಯಾಣಿಕ ಎಂದುಕೊಂಡಿರಲೇ ಇಲ್ಲ. ಅವರು ಬಸ್ಸಿನ ಒಂದು ಭಾಗವಾಗಿದ್ದರು.

ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಸೋಮವಾರ ಇಳಿಯುವಾಗ ಅವರು ಹೇಳಿದ್ದರು: ‘ಗುರುವಾರ ನಾಲ್ಕು ಗಂಟೆಗೆ ಪೆಟ್ಟಿಗೆ ಸಮೇತ ಬನ್ನಿ ಅಂದಿದ್ದಾರಮ್ಮ ಆಶ್ರಮದಲ್ಲಿ. ಕಾಯಿಲೆ ಒಳಗೆ ಬರಬಾರದು ಅಂತ ಗೇಟು ಹಾಕ್ತಾರಂತೆ. ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ. ಮತ್ತೆ ಯಾವಾಗ ಸಿಗ್ತೀನೋ.’

ಅವತ್ತು ಗುರುವಾರ. ಗಂಟೆ ಎರಡು ದಾಟಿತ್ತು. ರೋಗವನ್ನು ಹೊರಗಿಡಲು ಹಾಕುವ ಗೇಟು ನಾಲ್ಕು ಗಂಟೆಗೆ ಅದನ್ನು ಐವತ್ತೆರಡು ಮುದುಕರ ಜೊತೆ ಒಳಗಿಟ್ಟು ಮುಚ್ಚಿಕೊಳ್ಳುವುದರಲ್ಲಿತ್ತು.

ಡಾಕ್ಟರಮ್ಮ ಫೋನು ಹಿಡಿದರು. ಹಾರನಣ್ಣನ ಬಳಿ ಮೊಬೈಲಿಲ್ಲ. ಅದೂ ಹಾರನ್ನೇ, ಸುಮ್ಮನೆ ಸದ್ದು ಎಂಬುದು ಅವರ ವಾದ. ಆಶ್ರಮದ ಹೆಸರು ಅಕ್ಕನಿಗೆ ತಿಳಿಯದು. ನದಿಯಾಚೆಯದು ಪಕ್ಕದ ಜಿಲ್ಲೆ; ಅದರ ಸಹಾಯವಾಣಿ ಇಪ್ಪತ್ತು ನಿಮಿಷ ಬರೀ ಸಂಗೀತ ಕೇಳಿಸಿತು. ಕೊನೆಗೆ ಸಿಕ್ಕವರು ವಿಳಾಸ ಬರೆದುಕೊಂಡು, ‘ನಮ್ಮ ತಂಡ ಬೆಳಿಗ್ಗೆ ಹೋಗುತ್ತೆ ಮೇಡಂ’ ಎಂದರು.

‘ನನ್ನ ಕಳಿಸಿ’ ಎಂದರು ಅಕ್ಕ. ‘ಅವರನ್ನ ಗುರುತು ಹಿಡಿಯೋರು ಇಲ್ಲಿ ಇನ್ಯಾರಿದ್ದಾರೆ?’

ಡಾಕ್ಟರಮ್ಮ ಒಂದು ಗಳಿಗೆ ಯೋಚಿಸಿ ಆಂಬುಲೆನ್ಸ್ ತರಿಸಿದರು. ಅಕ್ಕನಿಗೆ ತಲೆಯಿಂದ ಕಾಲಿನವರೆಗೆ ನಿಲುವಂಗಿ ತೊಡಿಸಿ ಹಿಂಭಾಗದಲ್ಲಿ ಒಬ್ಬರನ್ನೇ ಕೂರಿಸಿ, ತಾವು ಮುಂದೆ ಹತ್ತಿದರು. ಹೊರಡುವಾಗ ಅಕ್ಕ ಕೇಳಿದ್ದು ಒಂದೇ, ಕೊಠಡಿಯ ಮೊಳೆಗೆ ನೇತುಹಾಕಿದ್ದ ತಮ್ಮ ಡ್ಯೂಟಿ ಚೀಲ. ಅಭ್ಯಾಸ, ಅದಿಲ್ಲದೆ ಆ ರಸ್ತೆಯಲ್ಲಿ ಎಂದೂ ಹೋದವರಲ್ಲ.

ಮೂವತ್ತೊಂದು ಕಿಲೋಮೀಟರಿನಲ್ಲಿ ಎದುರಿಗೆ ಒಂದು ವಾಹನ ಬರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಖಾಲಿ ಕಲ್ಲುಬೆಂಚು. ಸೇತುವೆಯ ಈ ತುದಿಯಲ್ಲಿ ಡ್ರಮ್ಮುಗಳ ಮೇಲೆ ಅಡ್ಡಕಂಬ ಹಾಕಿ ಪೊಲೀಸರು ನಿಂತಿದ್ದರು. ಆ ತುದಿಯಲ್ಲಿ ಪಕ್ಕದ ಜಿಲ್ಲೆಯವರದ್ದೇ ಇನ್ನೊಂದು ಕಂಬ. ನಡುವೆ ಇನ್ನೂರು ಮೀಟರು ಸೇತುವೆ, ಮೇಲೆ ಒಂದು ನರಪಿಳ್ಳೆಯಿಲ್ಲ. ಲಾರಿ ಬಸ್ಸುಗಳ ಗದ್ದಲದಲ್ಲಿ ಯಾರೂ ಕೇಳಿರದ ನೀರಿನ ಸದ್ದು ಅಂದು ಕೆಳಗಿನಿಂದ ಸ್ಪಷ್ಟವಾಗಿ ಏರಿ ಬರುತ್ತಿತ್ತು. ಸಮಯ ಮೂರು ಮುಕ್ಕಾಲು.

‘ಮೇಲಿನವರನ್ನ ಕೇಳದೆ ಕಂಬ ಎತ್ತೋ ಹಾಗಿಲ್ಲ ಮೇಡಂ’ ಎಂದರು ಕಾನ್‌ಸ್ಟೆಬಲ್. ಡಾಕ್ಟರಮ್ಮ ಅವರ ಮೇಲಿನವರಿಗೆ ಫೋನು ಹಚ್ಚಿದರು. ಅಷ್ಟರಲ್ಲಿ ಆಚೆ ದಂಡೆಯ ಓಣಿಯಿಂದ ಒಂದು ಸೈಕಲ್ಲು ಹೊರಬಂತು. ಹಿಂದೆ ಕ್ಯಾರಿಯರಿಗೆ ತಗಡಿನ ಪೆಟ್ಟಿಗೆ ಕಟ್ಟಿತ್ತು. ಸವಾರ ರಸ್ತೆಗೆ ಬರುವ ಮುನ್ನ ಖಾಲಿ ರಸ್ತೆಯ ಎರಡೂ ಕಡೆ ನೋಡಿ, ಆಶ್ರಮದ ದಿಕ್ಕಿಗೆ ತಿರುಗಿದ.

‘ಅಣ್ಣಾ!’ ಎಂದು ಅಕ್ಕ ಕೂಗಿದರು. ಮಾಸ್ಕು, ನೀರಿನ ಸದ್ದು, ಎದುರುಗಾಳಿ. ಸೈಕಲ್ಲು ದಂಡೆಯ ರಸ್ತೆಯಲ್ಲಿ ದೂರವಾಗತೊಡಗಿತು. ಇನ್ನು ಎಪ್ಪತ್ತು ಹೆಜ್ಜೆಯಾದರೆ ಮರಗಳ ಮರೆ.

‘ಎಲ್ಲರೂ ಹಿಂದೆ ಸರೀರಿ’ ಎಂದು ಅಕ್ಕ ಪೊಲೀಸರಿಗೆ ಗದರಿಸಿದರು. ತುಂಬಿದ ಬಸ್ಸಿನಲ್ಲಿ ಗದರಿಸುವ ದನಿಯೇ. ಪೊಲೀಸರು ಸರಿದರು. ಅಕ್ಕ ಒಬ್ಬರೇ ಅಡ್ಡಕಂಬದ ಬಳಿ ಹೋಗಿ, ಚೀಲದಿಂದ ವಿಸಲ್ ತೆಗೆದು, ಮಾಸ್ಕು ಕೆಳಗೆಳೆದು, ಒಂದೇ ಒಂದು ಸಲ ಊದಿದರು. ಉದ್ದಕ್ಕೆ.

ಸೈಕಲ್ಲು ನಿಂತಿತು.

ನಿಧಾನವಾಗಿ ನಿಂತದ್ದಲ್ಲ. ಬ್ರೇಕು ಒತ್ತಿದ್ದಕ್ಕೆ ಪೆಟ್ಟಿಗೆ ಮುಂದಕ್ಕೆ ಜಾರಿ ಬೆನ್ನಿಗೆ ಬಡಿಯಿತು. ಹಾರನಣ್ಣ ಒಂದು ಕಾಲು ನೆಲಕ್ಕೂರಿದರು. ಸದ್ದು ಬಂದ ಕಡೆ ತಿರುಗಿ ನೋಡಲಿಲ್ಲ. ಎಡಭುಜದಾಚೆ, ಬಸ್ಸಿನಲ್ಲಾದರೆ ಕನ್ನಡಿ ಇರಬೇಕಾದ ಕಡೆ, ಖಾಲಿ ಗಾಳಿಯನ್ನು ನೋಡಿದರು. ಸ್ಟೇರಿಂಗ್ ಬಿಟ್ಟು ಆರು ವರ್ಷವಾಗಿದ್ದ ಮನುಷ್ಯ. ಕಾನ್‌ಸ್ಟೆಬಲ್ ಕೈಯಲ್ಲಿದ್ದ ಲಾಠಿ ಮರೆತು ನೋಡುತ್ತ ನಿಂತುಬಿಟ್ಟರು.

ಕಂಬ ಎತ್ತಲು ಅಪ್ಪಣೆ ಬರುವುದಕ್ಕೆ, ಡಾಕ್ಟರಮ್ಮ ಸೇತುವೆಯ ನಡುವಿನವರೆಗೆ ನಡೆದು ಆಚೆಯವರಿಗೆ ವಿಷಯ ತಿಳಿಸುವುದಕ್ಕೆ ಹತ್ತೊಂಬತ್ತು ನಿಮಿಷ ಹಿಡಿಯಿತು. ಅಷ್ಟರೊಳಗೆ ಆಚೆಯ ಪೇದೆಯೊಬ್ಬ ಹಾರನಣ್ಣನ ಬಳಿ ಹೋಗಿದ್ದ. ರಸ್ತೆಯಲ್ಲಿ ಯಾರೂ ನಿಲ್ಲಬಾರದೆಂಬ ಹುಕುಂ ಅವನಿಗಿತ್ತು. ಅವರಿಬ್ಬರ ಮಾತನ್ನು ಮುಂದೆ ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ.

‘ಯಜಮಾನ್ರೇ, ನಿಲ್ಲೋ ಹಾಗಿಲ್ಲ, ಹೊರಡಿ.’

‘ತಡೀರಿ ಸ್ವಾಮಿ. ಹೋಲ್ಡಾನ್ ಆಗಿದೆ.’

‘ಯಾರು ಕೊಟ್ರು ಹೋಲ್ಡಾನು?’

‘ಕಂಡಕ್ಟ್ರು.’

ಪೇದೆ ಸುತ್ತ ನೋಡಿದ. ಕಂಡಕ್ಟರೂ ಇಲ್ಲ, ಬಸ್ಸೂ ಇಲ್ಲ. ಬಿಸಿಲಿಗೆ ಮುದುಕನ ತಲೆ ಕೆಟ್ಟಿದೆ ಎಂದುಕೊಂಡು ನೆರಳಿಗೆ ಕರೆದ. ಹಾರನಣ್ಣ ಅದಕ್ಕೂ ಕದಲಲಿಲ್ಲ.

ನಾಲ್ಕು ಗಂಟೆಗೆ ಆಶ್ರಮದ ಗೇಟು ಮುಚ್ಚಿತು, ಒಬ್ಬ ಡ್ರೈವರ್ ಕಡಿಮೆಯಾಗಿ. ಶನಿವಾರ ಹಾರನಣ್ಣನಿಗೆ ಸೋಂಕು ಖಚಿತವಾಯಿತು. ನಾಲ್ಕು ದಿನ ಆಮ್ಲಜನಕ ಬೇಕಾಯಿತು. ಆ ಇಡೀ ಅವಧಿಯಲ್ಲಿ ಗೇಟಿನ ಒಳಗಿದ್ದ ಐವತ್ತೆರಡು ಮಂದಿಯಲ್ಲಿ ಒಬ್ಬರೂ ಕಾಯಿಲೆ ಬೀಳಲಿಲ್ಲ. ಡಾಕ್ಟರಮ್ಮ ತಮ್ಮ ವರದಿಯಲ್ಲಿ ‘ವಿಸಲ್’ ಎಂದು ಬರೆಯಲು ಸಂಕೋಚಪಟ್ಟು ‘ಸೂಕ್ತ ಸಂಕೇತದ ಮೂಲಕ ತಡೆಯಲಾಯಿತು’ ಎಂದು ಬರೆದರು.

ಅಕ್ಕನಿಗೆ ಸೋಂಕು ತಗುಲಲಿಲ್ಲ. ದಿನಗಳು ಮುಗಿದು ಮನೆಗೆ ಬಂದರು. ಒಂದು ಮಧ್ಯಾಹ್ನ ಗಂಡನ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಆಸ್ಪತ್ರೆಯಿಂದ ಬಿಡುಗಡೆಯಾದ ಹಾರನಣ್ಣ. ಪಕ್ಕದ ಮನೆಯವರ ಮೊಬೈಲಂತೆ.

‘ಏನಮ್ಮಾ, ಇಷ್ಟೇನಾ ನಾನು ಕಲಿಸಿದ್ದು?’

‘ಏನಾಯ್ತಣ್ಣ?’

‘ಹೋಲ್ಡಾನ್ ಕೊಟ್ಟು ನಿನ್ನ ಪಾಡಿಗೆ ನೀನು ಹೋದೆ. ಇಪ್ಪತ್ತಾರು ದಿನ ಆಯ್ತು. ರೈಟ್ ಯಾರು ಕೊಡ್ತಾರೆ, ನಿಮ್ಮತ್ತೇನಾ?’

ಅಕ್ಕ ನಕ್ಕರು, ಆಮೇಲೆ ನಗು ನಿಂತುಹೋಯಿತು. ಸೂಜಿ ಕೆಳಗಿಟ್ಟು ಎದ್ದು ಹೋಗಿ ಚೀಲದಿಂದ ವಿಸಲ್ ತಂದರು. ಫೋನನ್ನು ತುಸು ದೂರ ಹಿಡಿದು, ಆಚೆಯವರ ಕಿವಿಗೆ ಪೆಟ್ಟಾಗದಂತೆ, ಮೆಲ್ಲಗೆ ಎರಡು ಸಲ ಊದಿದರು.

ಆ ಕಡೆಯಿಂದ ಫೋನು ಎಲ್ಲೋ ಇಟ್ಟ ಸದ್ದು, ಹೆಜ್ಜೆಯ ಸದ್ದು. ಆಮೇಲೆ ಸೈಕಲ್ಲಿನ ಸ್ಟ್ಯಾಂಡು ಎತ್ತಿದ್ದು ಕೇಳಿಸಿತು.