ಎರೆಹೊಲದ ಟೆನಿಸ್ ಅಂಕಣ

ನಿಪ್ಪಾಣಿಯಲ್ಲಿ ಇಳಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಚಿಕ್ಕೋಡಿ ಬಸ್ಸಿನ ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಕೊಟ್ಟ. ಟೆನಿಸ್ ಹೊಟ್ಟೆಪಾಡಾದಾಗಿನಿಂದ ಊರೂರು ತಿರುಗಿದವಳಿಗೆ ಪುಕ್ಕಟೆ ಪ್ರಯಾಣ ಸಿಕ್ಕಿದ್ದು ಅಪರೂಪ. ನಗು ಬಂತು. ಆದರೆ ಹೊರಟಿದ್ದು ನಗುವ ಕೆಲಸಕ್ಕಲ್ಲ.

ಜುಗೂಳದ ಸುವರ್ಣಾ ಡಬಲ್ಸ್‌ನಲ್ಲಿ ನನ್ನ ಜೊತೆಗಾತಿ. ಸಣ್ಣಪುಟ್ಟ ಟೂರ್ನಿಗಳಲ್ಲಿ ರ್‍ಯಾಂಕಿಂಗ್ ಅಂಕಗಳ ಬೆನ್ನು ಹತ್ತಿ, ಅಗ್ಗದ ಕೋಣೆಗಳಲ್ಲಿ ಮಲಗಿ, ಅವಳಪ್ಪ ಕಟ್ಟಿಕೊಟ್ಟ ಒಣದ್ರಾಕ್ಷಿ ಹಂಚಿಕೊಂಡು ತಿಂದವರು ನಾವು. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದು ಅಭ್ಯಾಸ ಮಾಡುವಾಗ ಅವಳ ಮೊಣಕಾಲು ಹೋಯಿತು. ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಈಗ ಫೋನಿನಲ್ಲಿ, ಒಮ್ಮೆ ಬಂದು ಹೋಗು ಎಂದಷ್ಟೇ ಅಂದಿದ್ದಳು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆ. ಕೃಷ್ಣೆಯ ಸೇತುವೆ ದಾಟುವಾಗ ನೀರು ತಳ ಕಂಡಿತ್ತು. ಕಾಗವಾಡದಿಂದ ಜುಗೂಳಕ್ಕೆ ಹೋಗುವ ಟಂಟಂ ಆಟೋ ಹತ್ತಿದೆ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದ ಹೆಂಗಸೊಬ್ಬಳು ಯಾರ ಮನೆಗೆಂದು ಕೇಳಿದಳು. ಹೇಳಿದ ಮೇಲೆ, ಕಾಲು ಮುರಿದ ಆ ಹುಡುಗಿಯ ಮನೆಗೇ ಎಂದು ಲೊಚಗುಟ್ಟಿ ಮುಖ ಹೊರಗೆ ತಿರುಗಿಸಿದಳು.

ಸುವರ್ಣಾ ಕೋಲು ಹಿಡಿದು ಬಾಗಿಲಿಗೆ ಬಂದಳು. ಬಿಸಿ ರೊಟ್ಟಿ, ಝುಣಕ ಬಡಿಸಿದಳು. ಡಾಕ್ಟರು ಇನ್ನು ಆಟ ಸಾಧ್ಯವೇ ಇಲ್ಲ ಅಂದಿದ್ದರಂತೆ. ಅದನ್ನು ಅಪ್ಪನಿಗೆ ಹೇಳುವುದು ಹೇಗೆಂಬುದೇ ಅವಳ ಚಿಂತೆ.

ಯಾಕೆಂದರೆ ಅವಳು ಬಿದ್ದ ಅಂಕಣ ಅವಳಪ್ಪ ಬಾಳಪ್ಪ ಕಾಕಾ ತಮ್ಮ ಕೈಯಾರೆ ಮಾಡಿದ್ದು. ದ್ರಾಕ್ಷಿ ತೋಟದ ಪಕ್ಕದ ಎರೆಹೊಲದಲ್ಲಿ, ಸುಗ್ಗಿಗೆ ಕಣ ಮಾಡಿದಂತೆಯೇ ಮಣ್ಣು ತೋಯಿಸಿ, ರೋಣಗಲ್ಲು ಉರುಳಿಸಿ ಗಟ್ಟಿ ಮಾಡಿ, ಸೆಗಣಿ ಸಾರಿಸಿದ್ದರು. ರಾಶಿ ಮಾಡಲು ಅದು ಸಾಕು. ಆದರೆ ಬೇಸಿಗೆಯಲ್ಲಿ ಎರೆಮಣ್ಣು ಬಾಯಿ ಬಿಡುತ್ತದೆ. ಒಳಗಿನ ಬಿರುಕನ್ನು ಮೇಲಿನ ಸೆಗಣಿ ಮುಚ್ಚಿಟ್ಟಿತ್ತು. ಬಲೆಯ ಹತ್ತಿರ ಬಿದ್ದ ಚೆಂಡಿಗೆ ಓಡಿದವಳ ಕಾಲು ಅದರೊಳಗೆ ಇಳಿಯಿತು.

"ಕಾಲು ಮೊದಲ ಕೆಟ್ಟಿತ್ತು, ಹೊರಗಿನ ಗಟ್ಟಿ ಅಂಕಣದಾಗ ಆಡಿ ಆಡಿ ಸವದಿತ್ತು ಅಂತ ಅಪ್ಪಗ ಹೇಳಬೇ," ಅಂದಳು ಸುವರ್ಣಾ. "ನೀ ನನ್ನ ಜೋಡಿ ಇದ್ದಾಕಿ. ನಿನ್ನ ಮಾತು ನಂಬತಾನ."

ಅವಳ ಮೊಣಕಾಲಿಗೆ ಆ ಮೊದಲು ಏನೂ ಆಗಿರಲಿಲ್ಲ. ಎಷ್ಟೋ ಸಲ ನನ್ನ ಪಾಲಿನ ಚೆಂಡಿಗೂ ಅವಳೇ ಓಡಿದ್ದಳು.

ಕಾಕಾ ಅಂಕಣದಲ್ಲೇ ಇದ್ದರು. ಬುಟ್ಟಿಯಲ್ಲಿ ಮಣ್ಣು ತಂದು ಬಿರುಕುಗಳಿಗೆ ತುಂಬಿ, ನೀರು ಹಾಕಿ, ಕಾಲಿನಿಂದ ತುಳಿಯುತ್ತಿದ್ದರು. ಬಲೆ ಹಾಗೇ ಕಟ್ಟಿತ್ತು. ನಾನು ಕಲಿತ ಪಾಠ ಒಪ್ಪಿಸಿದೆ. ಇನ್ನು ಅವಳು ಆಡುವುದಿಲ್ಲ, ಕಾಲು ಊರಿಗೆ ಬರುವ ಮೊದಲೇ ಸವೆದಿತ್ತು, ಇದರಲ್ಲಿ ಯಾರ ತಪ್ಪೂ ಇಲ್ಲ ಅಂದೆ. ಅವರು ತುಳಿಯುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದರು.

"ಆಕೀನ ಹೇಳಿ ಕಳಿಸ್ಯಾಳೇನವ್ವಾ?" ಅಂದರು.

ನಾನು ಬಲೆಯ ಹಗ್ಗ ಬಿಗಿಯತೊಡಗಿದೆ.

"ಈ ಬಿರುಕಿನ್ಯಾಗಿಂದ ಆಕಿ ಕಾಲು ಹೊರಗ ತಗದಾಂವ ನಾನ."

ಮತ್ತೆ ಬುಟ್ಟಿ ಎತ್ತಿಕೊಂಡು ಮಣ್ಣಿನ ಗುಡ್ಡೆಯ ಕಡೆ ನಡೆದರು. ನನಗೆ ಅಳು ಬಂತು, ಅಲ್ಲೇ ಕಣ್ಣೊರೆಸಿಕೊಂಡೆ.

ಸಂಜೆ ಟಂಟಂ ಹತ್ತುವಾಗ ಸುವರ್ಣಾ ಕಿವಿಯ ಹತ್ತಿರ ಬಂದು, ಅಪ್ಪ ನಂಬಿದನೇ ಎಂದು ಕೇಳಿದಳು. ಹೌದು, ಪೂರ್ತಿ ನಂಬಿದರು ಅಂದೆ. ಗಾಡಿ ಹೊರಟ ಮೇಲೆ ತಿರುಗಿ ನೋಡಿದೆ. ಅವಳು ಕೋಲೂರಿಕೊಂಡು ಅಪ್ಪನಿದ್ದ ಕಡೆಗೆ ಹೋಗುತ್ತಿದ್ದಳು.