ಒಂದು ಕಿತ್ತಳೆಯಷ್ಟು ಹೊತ್ತು

ನಮ್ಮ ಬಾಕ್ಸಿಂಗ್ ಹಾಲಿನಲ್ಲಿ ಎಲ್ಲರೂ ಅವನನ್ನು ಸೇತುವೆ ಎಂದೇ ಕರೆಯುತ್ತಿದ್ದರು. ಎರಡು ದಡಗಳನ್ನು ಕೂಡಿಸುವುದರಿಂದ ಆ ಹೆಸರು ಬಂದಿದೆ ಎಂದು ಅವನು ನಂಬಿಕೊಂಡಿದ್ದ. ನಿಜವಾದ ಕಾರಣವೆಂದರೆ ಎರಡೂ ಕಡೆಯವರು ಅವನನ್ನು ತುಳಿದುಕೊಂಡೇ ಓಡಾಡುತ್ತಿದ್ದರು. ಯಾವ ಬಾಕ್ಸರ್ ಯಾರ ಜೊತೆ, ಯಾವತ್ತು, ಎಂಥ ಗ್ಲೌಸ್ ಹಾಕಿಕೊಂಡು ಗುದ್ದಾಡಬೇಕು ಎಂದು ಇಬ್ಬರ ಕಡೆಯವರನ್ನೂ ಒಪ್ಪಿಸುವುದು ಅವನ ಕಸುಬು. ಮದುವೆ ಕುದುರಿಸುವವರ ಕೆಲಸದ ಹಾಗೆಯೇ ಅನ್ನಿ. ವ್ಯತ್ಯಾಸ ಇಷ್ಟೇ, ಇಲ್ಲಿ ಹೊಡೆದಾಟ ಯಾವತ್ತು ಎಂಬುದು ಮೊದಲೇ ಗೊತ್ತಿರುತ್ತದೆ.

ಆ ಹಾಲಿನಲ್ಲಿ ಗಂಟೆ ಹೊಡೆಯುವವನು ನಾನು. ಸುತ್ತು ಶುರುವಾಗಲು ಒಂದು ಏಟು, ಮುಗಿಯಲು ಒಂದು ಏಟು. ಇಬ್ಬರ ತಲೆಯಲ್ಲೂ ಕಪ್ಪು ಕೂದಲಿದ್ದ ಕಾಲದಿಂದ ಸೇತುವೆಯನ್ನು ನೋಡುತ್ತಾ ಬಂದಿದ್ದೇನೆ. ಹಗುರ ತೂಕದವರ ಪಂದ್ಯಗಳನ್ನು ಅವನು ಹಲ್ಲುಜ್ಜುತ್ತಲೇ ಕುದುರಿಸಿ, ಬಾಯಿ ಮುಕ್ಕಳಿಸುವಷ್ಟರಲ್ಲಿ ಸಹಿ ಹಾಕಿಸಿಬಿಡುತ್ತಿದ್ದ. ಅವನನ್ನು ತಿಂದುಹಾಕಿದ್ದು ಹೆವಿವೇಟ್.

ದೊಡ್ಡ ತೂಕದವರ ದೊಡ್ಡ ಪಂದ್ಯಗಳು ಮುರಿದುಬೀಳುವುದು ಹಣಕ್ಕೆ ಎಂದು ಪೇಪರಿನವರು ಬರೆಯುತ್ತಾರೆ. ಹಣದ ಮಾತು ಎಷ್ಟೋ ಸಲ ಮೊದಲ ವಾರವೇ ಮುಗಿದಿರುತ್ತದೆ. ಮುಗಿಯದೆ ಉಳಿಯುವುದು, ರಿಂಗಿಗೆ ಮೊದಲು ಯಾರು ನಡೆದು ಬರಬೇಕು ಎನ್ನುವುದು. ಮೊದಲು ಬಂದವನು ಹಗ್ಗ ಹಿಡಿದು ಕಾಯುತ್ತಾ ನಿಲ್ಲಬೇಕು. ಕೊನೆಗೆ ಬರುವವನು ದೊಡ್ಡ ಮನುಷ್ಯ. ಒಮ್ಮೆ ಇಬ್ಬರೂ ತಾನೇ ಕೊನೆಗೆ ಎಂದು ಹಠ ಹಿಡಿದರು. ಇಬ್ಬರಿಗೂ ಬೇರೆ ಬೇರೆ ಬಾಗಿಲು ಒಡೆಸಿ ಒಂದೇ ಕ್ಷಣಕ್ಕೆ ನುಗ್ಗಿಸುವುದೆಂದು ತೀರ್ಮಾನವಾಯಿತು. ಕೊನೆಗೆ ಯಾರ ಬಾಗಿಲು ಅಗಲ ಎಂಬಲ್ಲಿ ಪಂದ್ಯ ಮುರಿಯಿತು. ಆ ಬಾಗಿಲುಗಳು ಈಗಲೂ ಇವೆ, ಗಾಳಿ ಚೆನ್ನಾಗಿ ಬರುತ್ತದೆ. ಇನ್ನೊಮ್ಮೆ ಸೋತವನಿಗೆ ಮತ್ತೊಂದು ಅವಕಾಶ ಕೊಡಬೇಕೆಂಬ ಷರತ್ತಿನ ಮೇಲೆ ಮಾತು ಬೆಳೆಯಿತು. ಎರಡನೇ ಪಂದ್ಯ, ಮೂರನೇ ಪಂದ್ಯ, ಇಬ್ಬರ ಹುಟ್ಟದ ಮಕ್ಕಳ ಪಂದ್ಯದವರೆಗೂ ಒಪ್ಪಿಗೆಯಾಯಿತು. ಮೊದಲನೆಯದೊಂದು ಆಗಲಿಲ್ಲ.

ಇವೆಲ್ಲ ನೆಪ. ಹೆವಿವೇಟ್ ಬಾಕ್ಸರನ ಹೆಗಲ ಮೇಲೆ ಅವನ ತಲೆಯೊಂದೇ ಇರುವುದಿಲ್ಲ. ಚಿಕ್ಕಪ್ಪ, ವಕೀಲ, ಮಾಲೀಷಿನವನು, ಷೂ ಲೇಸು ಕಟ್ಟುವವನು, ಲೇಸು ಕಟ್ಟುವವನ ಭಾವಮೈದುನ, ಎಲ್ಲರೂ ಅಲ್ಲಿ ಬಿಡಾರ ಹೂಡಿರುತ್ತಾರೆ. ಪಂದ್ಯ ಇನ್ನೇನು ಆಗುತ್ತದೆ ಎನ್ನುವಷ್ಟು ದಿನ ಇವರೆಲ್ಲರ ಮನೆಯ ಒಲೆ ಉರಿಯುತ್ತದೆ. ಪಂದ್ಯ ಆಗಿಯೇ ಹೋದರೆ ಎರಡರಲ್ಲಿ ಒಂದು ಬಿಡಾರ ಕೀಳಬೇಕು. ಹೀಗಾಗಿ ಗುದ್ದಿಸಿಕೊಳ್ಳುವವನಿಗಿಂತ ಪಕ್ಕದಲ್ಲಿ ಟವೆಲ್ ಹಿಡಿದು ನಿಲ್ಲುವವನಿಗೇ ಭಯ ಹೆಚ್ಚು.

ಇಂಥವರ ನಡುವೆ ಓಡಾಡಿ ಓಡಾಡಿ ಸೇತುವೆ ಒಂದು ಕ್ರಮ ಮಾಡಿಕೊಂಡಿದ್ದ. ಒಂದು ಕಡೆಯವರು 'ಹೂಂ' ಅಂದರೆ ಅದನ್ನು ಬಿಸಿಬಿಸಿಯಾಗಿ ಇನ್ನೊಂದು ಕಡೆಗೆ ಒಯ್ಯುತ್ತಿರಲಿಲ್ಲ. ಆ ಇನ್ನೊಂದು ಕಡೆಯವರ ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಒಂದು ಕಿತ್ತಳೆ ತೆಗೆದು, ಸಿಪ್ಪೆ ಸುಲಿದು, ತೊಳೆಯ ಮೇಲಿನ ಒಂದೊಂದೇ ನಾರು ಬಿಡಿಸಿ, ಬೀಜವನ್ನು ಅಂಗೈಗೆ ಉಗಿದುಕೊಂಡು ತಿನ್ನುತ್ತಿದ್ದ. ತಿಂದಾದ ಮೇಲೆ ಅಂಗಿಯ ಗುಂಡಿ ಬಿಚ್ಚಿ, ತಲೆ ಕೆದರಿಕೊಂಡು, ಏಳು ಕೆರೆ ನೀರು ಕುಡಿದವನ ಮುಖ ಮಾಡಿಕೊಂಡು ಒಳಗೆ ಹೋಗುತ್ತಿದ್ದ.

"ಬೇಗ ಸಿಕ್ಕಿದ ಹೂಂ ಯಾರೂ ನಂಬಲ್ಲ ಕಣಯ್ಯಾ," ಅನ್ನುತ್ತಿದ್ದ. "ಅಯ್ಯೋ, ಕಡಿಮೆ ಕೇಳಿಬಿಟ್ವಲ್ಲಾ ಅಂತ ಹೊಟ್ಟೆ ಉರ್ಕೊಳ್ತಾರೆ. ಒದ್ದಾಡಿ ತಂದಿದೀನಿ ಅಂತ ಕಾಣಬೇಕು. ಆಗ ತೃಪ್ತಿಯಾಗುತ್ತೆ."

ಸಣ್ಣ ಹೂಂಗೆ ಒಂದು ಕಿತ್ತಳೆ, ದೊಡ್ಡದಕ್ಕೆ ಎರಡು. 'ಊಹೂಂ' ಆದರೆ ಕೂರುವ ಪ್ರಶ್ನೆಯೇ ಇಲ್ಲ, ನೇರವಾಗಿ ಮೇಲೆ ಹೋಗಿ ಹೇಳಿಬಿಡುತ್ತಿದ್ದ. ನಮ್ಮ ಹಾಲು ಟೈರ್ ಅಂಗಡಿಯ ಮೇಲಿತ್ತು, ಮೆಟ್ಟಿಲು ಹೊರಗಡೆಯಿಂದ. ಸೇತುವೆ ಕೆಳಗೆ ಕೂತದ್ದು ಕಿಟಕಿಯಿಂದ ಕಂಡರೆ ಸಾಕು, ಯಾರದೋ ಪಂದ್ಯ ಗಟ್ಟಿಯಾಯಿತೆಂದು ಒಳಗೆ ಸಿಳ್ಳೆ ಬೀಳುತ್ತಿತ್ತು. ಒಳಗಿನವರಿಗೆಲ್ಲ ಗೊತ್ತಿದೆ ಎಂಬುದು ಅವನೊಬ್ಬನಿಗೇ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ. ಪಾಪ, ಹಣ್ಣು ತಿನ್ನಲಿ ಎಂದು ಸುಮ್ಮನಿದ್ದೆವು.

ಅವನ ತಂಗಿಯ ಗಂಡ ನಮ್ಮ ಹಾಲಿನ ಹೆವಿವೇಟ್. ಅವನನ್ನು ಬೀರು ಎಂದು ಕರೆಯುತ್ತಿದ್ದೆವು. ಕಬ್ಬಿಣದ ಬೀರುವನ್ನು ನಿಲ್ಲಿಸಿ ಅದಕ್ಕೆ ಮೀಸೆ ಅಂಟಿಸಿದರೆ ಅವನೇ. ಅವನು ಗುದ್ದುವ ಮರಳಿನ ಮೂಟೆ ಕೆಳಗಿನ ಟೈರುಗಳ ಗಾಳಿ ಇಳಿಸುತ್ತಿತ್ತು. ಪಕ್ಕದ ಬೀದಿಯ ಗೋಡೆ ಗಡಿಯಾರಗಳು ಒಂದು ನಿಮಿಷ ಹಿಂದಕ್ಕೆ ನಡೆದು ಯೋಚಿಸಿ ಮುಂದೆ ಹೋಗುತ್ತಿದ್ದವು. ಆದರೆ ಚಾಂಪಿಯನ್ ಜೊತೆಗಿನ ಅವನ ಪಂದ್ಯ ಮಾತುಕತೆಯಲ್ಲೇ ಮೂರು ಸಲ ಸತ್ತಿತ್ತು. ರಿಂಗಿನಲ್ಲಿ ಯಾರಿಗೂ ಸೋಲದ ಮನುಷ್ಯ ಪ್ರತಿ ಸಲ ಮೇಜಿನ ಹತ್ತಿರ ಸೋಲುತ್ತಿದ್ದ.

ಈಗ ನಾಲ್ಕನೆಯದು, ಮತ್ತು ಕೊನೆಯದು. ಬೀರುವಿನ ಎಡಗಣ್ಣಿನ ಹಿಂದಿನ ಪರದೆ ಸಡಿಲವಾಗುತ್ತಿದೆ ಎಂದು ಬಾಕ್ಸಿಂಗ್ ಮಂಡಳಿಯ ಡಾಕ್ಟರು ಹೇಳಿದ್ದರು. ಈ ವರ್ಷ ಪಾಸು, ಮುಂದಿನ ವರ್ಷ ಲೈಸೆನ್ಸ್ ಕೇಳಿಕೊಂಡು ನನ್ನ ಬಾಗಿಲಿಗೆ ಬರಬೇಡ ಎಂದಿದ್ದರು. ಈ ವರ್ಷದೊಳಗೆ ಪಂದ್ಯ ಆಗಬೇಕಾದರೆ ಆ ಶುಕ್ರವಾರ ಮಂಡಳಿಯ ಕಚೇರಿ ಬಾಗಿಲು ಹಾಕುವ ಮುಂಚೆ ಎರಡೂ ಕಡೆಯ ಸಹಿ ಅಲ್ಲಿಗೆ ತಲುಪಬೇಕಿತ್ತು.

ಅವತ್ತು ಬೆಳಿಗ್ಗೆ ತಂಗಿ ಅಣ್ಣನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳು.

"ಅಣ್ಣಾ, ಅವರು ಹೊಡೆಸಿಕೊಂಡು ಬರಲಿ, ಸೋತು ಬರಲಿ, ಬಿಸಿನೀರು ಕಾಯಿಸಿ ಇಟ್ಟಿರ್ತೀನಿ. ಆಡದೇ ಬಂದ್ರೆ ಆ ಮನುಷ್ಯನನ್ನ ಎಲ್ಲಿ ಅಂತ ಇಡಲಿ ನಾನು? ನಿಜವಾಗ್ಲೂ ಬೀರು ಥರ ಮೂಲೆಗೆ ನಿಲ್ಲಿಸಲಾ?"

ಬೀರುವಿನ ಮಾತು ಇನ್ನೂ ಸರಳ. ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಾ, "ಭಾವ, ಅವರು ಏನು ಕೇಳಿದ್ರೂ ಹೂಂ ಅಂದ್ಬಿಡಿ," ಎಂದ. "ಮೊದಲು ಬಾ ಅಂದ್ರೆ ಬರ್ತೀನಿ. ಕುಂಟುತ್ತಾ ಬಾ ಅಂದ್ರೂ ಬರ್ತೀನಿ. ಹಿಂದಿನ ದಿನಾನೇ ಬಂದು ಹಗ್ಗ ಹಿಡ್ಕೊಂಡು ನಿಂತಿರು ಅಂದ್ರೆ ಬುತ್ತಿ ಕಟ್ಟಿಸ್ಕೊಂಡು ಬರ್ತೀನಿ."

ಹೀಗೆ ಸೇತುವೆ ಪ್ರಶ್ನೆ ಕೇಳುವ ಮೊದಲೇ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಹೊರಟ. ರಿಂಗಿನ ಅಳತೆಯ ಮಾತು ಬಂದರೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದ. ಚಾಂಪಿಯನ್ ಕಡೆಯವರ ಆಫೀಸು ರಸ್ತೆಯಾಚೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಅಲ್ಲಿ ವ್ಯವಹಾರವೆಲ್ಲ ಚಾಂಪಿಯನ್‌ನ ಚಿಕ್ಕಪ್ಪನದು. ಆತ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ, ನಿಂತರೆ ಕಿಟಕಿ ಕಾಣುತ್ತಿರಲಿಲ್ಲ.

ಚಿಕ್ಕಪ್ಪ ಕನ್ನಡಕ ಏರಿಸಿ ಹೇಳಿದ. "ನೋಡಪ್ಪಾ, ನಿಮ್ಮವನು ಮೊದಲು ಬರಬೇಕು. ಪೋಸ್ಟರಲ್ಲಿ ಅವನ ಹೆಸರು ಕೆಳಗೆ. ರಿಂಗು ದೊಡ್ಡದಿರಬೇಕು, ನಮ್ಮ ಹುಡುಗ ಓಡಾಡಿ ಆಡೋನು. ಗ್ಲೌಸು ನಾವು ಹೇಳಿದ್ದು. ನಾವು ಸೋತ್ರೆ ನಮಗೆ ಇನ್ನೊಂದು ಪಂದ್ಯ, ನೀವು ಸೋತ್ರೆ ನಿಮಗಿಲ್ಲ."

ಯಾರೂ ಒಪ್ಪದ ಮಾತುಗಳು. ಒಪ್ಪಬಾರದೆಂದೇ ಕೇಳಿದ್ದವು. ತಿಂಗಳುಗಟ್ಟಲೆ ಎಳೆದಾಡಿ, ಐದರಲ್ಲಿ ಮೂರು ಬಿಟ್ಟುಕೊಟ್ಟು, ಉದಾರಿ ಅನ್ನಿಸಿಕೊಳ್ಳುವ ಲೆಕ್ಕ ಆತನದು. ಸೇತುವೆ ಮುಖ ಸಿಂಡರಿಸಿ, "ಕೇಳ್ಕೊಂಡು ಬರ್ತೀನಿ ಯಜಮಾನ್ರೇ, ಕಷ್ಟ ಇದೆ," ಎಂದು ಹೊರಬಿದ್ದ. ಅಲ್ಲಿಯವರೆಗೂ ಚೆನ್ನಾಗಿಯೇ ನಡೆದಿತ್ತು.

ರಸ್ತೆ ದಾಟುವ ಅಗತ್ಯವೇ ಇರಲಿಲ್ಲವಲ್ಲ, ಎರಡನೇ ಮಹಡಿಯ ತಿರುವಿನ ಮೆಟ್ಟಿಲ ಮೇಲೆ ಕೂತೆವು. ಕಿತ್ತಳೆ ಹೊರಗೆ ಬಂತು. ಎದುರು ಗೋಡೆಯ ಮೇಲೊಂದು ಗಡಿಯಾರ. ಮಂಡಳಿಯ ಕಚೇರಿ ಊರಿನ ಆ ತುದಿಯಲ್ಲಿ. ಸೇತುವೆ ಒಂದು ತೊಳೆ ತಿಂದ, ಗಡಿಯಾರ ನೋಡಿದ. ಎರಡನೇ ತೊಳೆಯನ್ನು ನಾರಿನ ಸಮೇತ ನುಂಗಿದ.

"ಇನ್ನೊಂಚೂರು ಕೂರಯ್ಯಾ," ಎಂದೆ.

"ಕಚೇರಿ ಮುಚ್ಚಿದ್ರೆ?"

"ಇದು ಎರಡು ಹಣ್ಣಿನ ಹೂಂ. ನೀನು ಎರಡು ತೊಳೆಗೆ ಏಳ್ತಿದೀಯ."

"ನನ್ನ ತಂಗಿ ಮುಖ ಕಾಣ್ತಿದೆ ಕಣೋ," ಎಂದು ಉಳಿದ ಹಣ್ಣನ್ನು ಮೆಟ್ಟಿಲ ಮೇಲೇ ಬಿಟ್ಟು ಓಡಿದ. ಜೀವಮಾನದಲ್ಲೇ ಮೊದಲ ಸಲ ಅವನು ಹೂಂ ಹಿಡಿದುಕೊಂಡು ಓಡಿದ್ದು. ಗುಂಡಿ ಬಿಚ್ಚಲಿಲ್ಲ, ತಲೆ ಕೆದರಲಿಲ್ಲ. ಮುಖದಲ್ಲಿ ನಗು ಬೇರೆ.

"ಒಪ್ಪಿದ್ದಾರೆ ಯಜಮಾನ್ರೇ!"

ಚಿಕ್ಕಪ್ಪನ ಲೋಟ ಬಾಯಿಯ ಹತ್ತಿರವೇ ನಿಂತಿತು. "ಯಾವುದಕ್ಕೆ?"

"ಎಲ್ಲದಕ್ಕೂ."

"ಎಲ್ಲದಕ್ಕೂ?"

ಮೂರು ಕಾಸಿಗೆ ಹಸು ಕೊಡುತ್ತೇನೆ ಎಂದವನನ್ನು ನೋಡುವ ಹಾಗೆ ಆತ ಸೇತುವೆಯನ್ನು ನೋಡಿದ. ಲೋಟ ಕೆಳಗಿಟ್ಟು ವಕೀಲನ ಕಿವಿಯಲ್ಲಿ ಏನೋ ಹೇಳಿದ. ವಕೀಲ ಮಾಲೀಷಿನವನನ್ನು ನೋಡಿದ. ಮಾಲೀಷಿನವನು ಬೆವರಿದ.

"ನಮ್ಮ ಹುಡುಗನ ಭುಜದ ವಿಷಯ ನಿಮಗೆ ಯಾರು ಹೇಳಿದ್ರು?" ಎಂದ ಚಿಕ್ಕಪ್ಪ.

"ಯಾವ ಭುಜ?" ಎಂದ ಸೇತುವೆ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನ ಮುಖ ಗೊತ್ತಿದ್ದೂ ಮುಚ್ಚಿಡುವವನ ಮುಖದ ಹಾಗೇ ಕಾಣುತ್ತದೆ.

ಆಮೇಲೆ ಶುರುವಾಯಿತು. ರಿಂಗು ಇನ್ನೂ ದೊಡ್ಡದಾಗಬೇಕು. ಹೂಂ. ಸುತ್ತುಗಳು ಕಡಿಮೆಯಾಗಬೇಕು. ಹೂಂ. ನಿಮ್ಮವನ ಕಡೆ ಮೂಲೆಯಲ್ಲಿ ಒಬ್ಬನೇ ಇರಬೇಕು. ಹೂಂ. ಚಿಕ್ಕಪ್ಪ ಬಾಗಿಲು ಹುಡುಕುತ್ತಿದ್ದ, ಸೇತುವೆ ಒಂದೊಂದೇ ಬಾಗಿಲನ್ನು ಹೂಂ ಅಂದು ಮುಚ್ಚುತ್ತಿದ್ದ. ಬೀರು ತಲೆಕೆಳಗಾಗಿ ಆಡಬೇಕು ಎಂದಿದ್ದರೂ ಹೂಂ ಅನ್ನುತ್ತಿದ್ದ. ಪ್ರತಿ ಹೂಂಗೂ ಆ ಕೋಣೆ ತಣ್ಣಗಾಗುತ್ತಾ ಹೋಯಿತು. ಕೊನೆಗೆ ಚಿಕ್ಕಪ್ಪ ಪೆನ್ನಿನ ಮುಚ್ಚಳ ಹಾಕಿದ.

"ಮುಂದಿನ ವರ್ಷ ನೋಡೋಣಪ್ಪಾ. ಆತುರ ಏನಿದೆ?"

ಆಗ ಸೇತುವೆ ಮೇಜಿನ ಅಂಚು ಹಿಡಿದುಕೊಂಡ. ಅಷ್ಟು ವರ್ಷ ಎರಡೂ ಕಡೆಯ ಗುಟ್ಟು ನುಂಗಿ ನುಂಗಿ ಹೊಟ್ಟೆ ಬೆಳೆಸಿದ್ದ ಮನುಷ್ಯನ ಬಾಯಿ ತಾನಾಗಿ ತೆರೆದುಕೊಂಡಿತು.

"ಅವನಿಗೆ ಮುಂದಿನ ವರ್ಷ ಇಲ್ಲ ಸ್ವಾಮಿ. ಕಣ್ಣು ಹೋಗ್ತಿದೆ. ಲೈಸೆನ್ಸ್ ಕೊಡಲ್ಲ ಅಂದಿದ್ದಾರೆ. ನಿಮ್ಮ ಭುಜ ಗಿಜ ನಮಗೆ ಗೊತ್ತಿಲ್ಲ. ಇದೊಂದು ಸಲ ಆಡ್ಲಿ ಬಿಡಿ. ಕಾಲಿಗೆ ಬೀಳ್ತೀನಿ."

ಚಿಕ್ಕಪ್ಪನ ಮುಖ ಸಡಿಲವಾಯಿತು. ಬೆಳಿಗ್ಗೆಯಿಂದ ಮೊದಲ ಸಲ ಆತ ಕುರ್ಚಿಗೆ ಒರಗಿದ. ಕನಿಕರದಿಂದಲೇ ಸೇತುವೆಯ ಕೈ ತಟ್ಟಿದ. ಕೆಟ್ಟ ಮನುಷ್ಯನೇನಲ್ಲ.

"ಅಷ್ಟೇನಾ? ಮೊದಲೇ ಹೇಳಬಾರದಾ? ನಾಲ್ಕು ತಿಂಗಳು ಸುಮ್ಮನೆ ಕೂತರೆ ಅವನು ತಾನಾಗೇ ಪಕ್ಕಕ್ಕೆ ಸರೀತಾನೆ ಅಂದ್ಮೇಲೆ ನಾವ್ಯಾಕಪ್ಪಾ ಆಡೋಣ? ನೀನೇ ಹೇಳು."

ಸೇತುವೆ ಮೇಜಿನ ಅಂಚು ಬಿಟ್ಟು ಬಾಗಿಲಿನ ಕಡೆ ತಿರುಗಿದ.

ಇಳಿದು ಬರುವಾಗ ಅರ್ಧ ಕಿತ್ತಳೆ ಮೆಟ್ಟಿಲ ಮೇಲೆ ಹಾಗೆಯೇ ಇತ್ತು, ಇರುವೆ ಹತ್ತಿತ್ತು. ರಸ್ತೆ ದಾಟಿದೆವು. ಟೈರ್ ಅಂಗಡಿಯ ಪಕ್ಕ ನಮ್ಮ ಮೆಟ್ಟಿಲಿನ ಹತ್ತಿರ ಬಂದಾಗ ಸೇತುವೆ ಕೆಳಗಿನ ಮೆಟ್ಟಿಲ ಮೇಲೇ ಕೂತುಬಿಟ್ಟ.

"ಇಲ್ಲಿ ಬೇಡ, ಏಳು," ಎಂದೆ. "ಎಲ್ಲಿಯಾದರೂ ಕೂರು, ಇಲ್ಲಿ ಬೇಡ ಮಾರಾಯಾ."

"ಒಂದು ನಿಮಿಷ ಕಣೋ. ಕಾಲಲ್ಲಿ ಶಕ್ತಿ ಇಲ್ಲ."

ಮೇಲೆ ಮೂಟೆಯ ಸದ್ದು ನಿಂತಿತು. ಕಿಟಕಿ ಕಿರ್ರೆಂದಿತು. ಮರುಕ್ಷಣ ಸಿಳ್ಳೆ, ಕೇಕೆ, ನೆಲ ಗುದ್ದುವ ಸದ್ದು. ಮೀಸೆಯ ಬೀರು ಕಿಟಕಿಯ ತುಂಬ ಹೊರಬಂದು ಕೂಗಿತು.

"ಭಾವಾ! ಹಣ್ಣೆಲ್ಲಿ ಹೋಯ್ತು? ಹಿಡೀರಿ!"

ಕಿತ್ತಳೆಯೊಂದು ಮೇಲಿನಿಂದ ಬಿತ್ತು. ಸೇತುವೆ ಹಿಡಿಯಲಿಲ್ಲ. ಅದು ನಾಲ್ಕು ಮೆಟ್ಟಿಲು ಉರುಳಿ ಅವನ ಚಪ್ಪಲಿಗೆ ತಾಗಿ ನಿಂತಿತು. ಅವನು ಅದನ್ನೇ ನೋಡಿದ, ಕಿಟಕಿಯನ್ನು ನೋಡಿದ, ನನ್ನನ್ನು ನೋಡಿದ.

"ಇವರಿಗೆ ಗೊತ್ತಾ?" ಎಂದ.

"ಇವತ್ತು ನಿನ್ನೆಯದಲ್ಲ," ಎಂದೆ.

ಅವನ ಫೋನು ಬಡಿದುಕೊಂಡಿತು. ತಂಗಿಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಅಣ್ಣಾ! ಇವರು ಫೋನ್ ಮಾಡಿದ್ರು, ನೀನು ಮೆಟ್ಟಿಲ ಮೇಲೆ ಕೂತಿದೀಯಂತೆ! ಸಾಕು ಏಳೋ, ಎಷ್ಟು ಹೊತ್ತು ಆಟ ಆಡಿಸ್ತೀಯ ಅವರನ್ನ! ನನ್ನ ಕೈಕಾಲೇ ಆಡ್ತಿಲ್ಲ ಇಲ್ಲಿ!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ಸೇತುವೆ "ಹಾಂ ಕಣಮ್ಮಾ" ಎಂದು ಫೋನು ಇಟ್ಟ.

ಕಿತ್ತಳೆಯನ್ನು ಎತ್ತಿಕೊಂಡು ಎದ್ದ. ಆ ಮೆಟ್ಟಿಲುಗಳನ್ನು ಅವನು ಹತ್ತಿದ ರೀತಿ ನೋಡಿದ್ದರೆ ಹಿಮಾಲಯ ಹತ್ತುವವರು ನಾಚಿಕೊಳ್ಳುತ್ತಿದ್ದರು. ನಾನು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟಿದ್ದೆ.

ಒಳಗೆ ಬೀರು ರಿಂಗಿನ ಮಧ್ಯೆ ನಿಂತಿದ್ದ. ಎರಡೂ ಕೈಗೆ ಹೊಸ ಪಟ್ಟಿ ಸುತ್ತಿಸಿಕೊಂಡಿದ್ದ. ಬಾಯಗಲ ನಗು. ಬಾಗಿಲಲ್ಲಿ ಭಾವನ ಮುಖ ಕಂಡಾಗಲೂ ನಗು ಹೋಗಲಿಲ್ಲ, ಸುಸ್ತಾದ ಮುಖ ಮಾಡಿಕೊಂಡು ಬರುವುದು ಭಾವನ ಪದ್ಧತಿ ಎಂದು ಅವನಿಗೆ ಗೊತ್ತಲ್ಲ. ಆಮೇಲೆ ಅವನ ಕಣ್ಣು, ಒಳ್ಳೆಯ ಕಣ್ಣೋ ಕೆಟ್ಟ ಕಣ್ಣೋ, ಕೆಳಗಿಳಿದು ಸೇತುವೆಯ ಕೈಗೆ ಹೋಯಿತು. ಅಲ್ಲಿ ಸಿಪ್ಪೆ ಸುಲಿಯದ ಕಿತ್ತಳೆ ಇತ್ತು.

ಹಾಲಿನಲ್ಲಿ ಒಬ್ಬೊಬ್ಬರಾಗಿ ಅದನ್ನೇ ನೋಡಿದರು.

ಬೀರು ಹಗ್ಗದ ಹತ್ತಿರ ಬಂದು ಅದನ್ನು ಹಿಡಿದು ನಿಂತ. ಹಲ್ಲಿನಿಂದ ಬಲಗೈ ಪಟ್ಟಿಯ ಗಂಟು ಬಿಚ್ಚಿಕೊಳ್ಳುತ್ತಾ ಮೆಲ್ಲಗೆ ಹೇಳಿದ.

"ಇನ್ನೊಂಚೂರು ಹೊತ್ತು ಕೆಳಗೇ ಕೂತಿರಬಹುದಿತ್ತು ಭಾವ ನೀವು."