ಗೋಡೆಗೆ ಕಿವಿ ಕೊಟ್ಟ ಮಾವಶಿ

ಮಾವಶಿಯ ಮನೆಯ ಸುಣ್ಣದ ಗೋಡೆಯ ಮೇಲೆ, ಕುಳಿತವರ ತಲೆಯ ಎತ್ತರಕ್ಕೆ, ಅಂಗೈ ಅಗಲದ ಎಣ್ಣೆ ಕಲೆಯೊಂದಿತ್ತು. ವರ್ಷಗಟ್ಟಲೆ ಅದೇ ಜಾಗದಲ್ಲಿ ತಲೆಯಾನಿಸಿ ಕುಳಿತು ನೂಲು ಸುತ್ತುವ ರಾಟಿ ತಿರುಗಿಸಿದ್ದರಿಂದ ಮೂಡಿದ ಕಲೆ ಅದು. ಗೋಡೆಯ ಈಚೆಗೆ ನಮ್ಮ ಮನೆ, ನಮ್ಮಪ್ಪನ ಕರೆಂಟಿನ ಮಗ್ಗ.

ಶಹಾಪುರದ ನಮ್ಮ ಓಣಿಯಲ್ಲಿ ಸಣ್ಣವರು ದೊಡ್ಡವರೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದರು. ತವರು ಖಾನಾಪುರದ ಕಡೆ, ಮನೆಮಾತು ಮರಾಠಿ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗೋವಾದ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ ಮಗ ಬಂದರೆ ಗಣಪತಿ ಹಬ್ಬಕ್ಕೆ ಬಂದ, ಇಲ್ಲದಿದ್ದರೆ ಇಲ್ಲ. ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುವುದು ಮಾವಶಿಯ ಕೆಲಸ. ಕಂಡಿಕೆಯೆಂದರೆ ಅಡ್ಡ ನೂಲು ಹಾಯಿಸುವ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಒಂದು ತೀರಿದಾಗ ಮಗ್ಗ ನಿಲ್ಲಿಸಿ ಇನ್ನೊಂದು ಹಾಕಬೇಕು. ಏಳೆಂಟು ಕಂಡಿಕೆ ಮುಗಿದ ಮೇಲೆ ಅಪ್ಪ ಖಾಲಿ ಬುಟ್ಟಿ ಹಿಡಿದು ಮಾವಶಿಯ ಬಾಗಿಲಿಗೆ ಹೋಗುತ್ತಿದ್ದರು.

ನಾನು ಖಾನಾಪುರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಆದರೆ ಎರಡು ದಿನ ರಜೆ ಹಾಕಿದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಪುಕುಪುಕು. ಅಮ್ಮ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಇನ್ಸುಲಿನ್ ಬೇಕು. ಚುಚ್ಚಿಸಿಕೊಂಡ ಮೇಲೆ ಹೊಟ್ಟೆಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿದು ಕುಸಿಯುತ್ತಾರೆ. ಅವರಿಗೆ ಫೋನ್ ಮಾಡಿಯೂ ಪ್ರಯೋಜನವಿರಲಿಲ್ಲ. ಮಗ್ಗದ ಸದ್ದಿನಲ್ಲಿ ಅದು ಕೇಳಿಸದು, ಮಗ್ಗ ನಿಂತರೂ ನಲವತ್ತು ವರ್ಷ ಆ ಸದ್ದು ತಿಂದ ಕಿವಿಗೆ ಅರ್ಧ ಕೇಳಿಸದು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಸಂಜೆ ಇಳಿಯುವವರೆಗೂ ನನಗೆ ಅದೇ ಚಿಂತೆ.

ಒಂದು ದಿನ ಮಾವಶಿಯ ಮುಂದೆ ಅತ್ತೇಬಿಟ್ಟೆ. "ಮಗ್ಗ ನಿಂತದ್ದು ಗೊತ್ತಾದ ಕೂಡಲೇ ಒಂದ್ ಸಲಾ ಹೋಗಿ ನೋಡ್ರಿ ಮಾವಶಿ" ಎಂದೆ. ಅವರು ರಾಟಿ ಬಿಟ್ಟು ನಕ್ಕರು.

"ಹುಚ್ಚಿ ಅದೀ. ಮಗ್ಗ ನಿಂತರ ನಿಮ್ಮಪ್ಪ ಕಂಡಿಕಿ ಹಾಕಾಕತ್ತಾನ ಅಂತ ತಿಳೀಬೇಕು. ನಿಲ್ಲಲಿಲ್ಲಂದ್ರ ಅಂಜಬೇಕ ಪೋರಿ. ಅದು ಮಷೀನ, ಮನಷ್ಯಾ ಬಿದ್ರೂ ಬಡಕೋತ ಇರತೈತಿ."

 ನೇಕಾರನ ಮಗಳಾಗಿಯೂ ನನಗದು ಹೊಳೆದಿರಲಿಲ್ಲ. ನಮ್ಮದು ಹಳೇ ಮಗ್ಗ, ನೂಲು ತೀರಿದರೆ ತಾನಾಗಿ ನಿಲ್ಲುವ ವ್ಯವಸ್ಥೆ ಅದರಲ್ಲಿ ಎಂದೋ ಕೆಟ್ಟಿತ್ತು. ಮಾವಶಿಯ ಲೆಕ್ಕ ಸರಳವಾಗಿತ್ತು. ಅವರು ಎರಡು ಕಂಡಿಕೆ ಸುತ್ತುವಷ್ಟರಲ್ಲಿ ಅಪ್ಪನ ಲಾಳಿಯಲ್ಲಿ ಒಂದು ತೀರಬೇಕು, ಮಗ್ಗ ಒಮ್ಮೆ ನಿಲ್ಲಬೇಕು. ಮೂರನೆಯದನ್ನು ಸುತ್ತಿ ಮುಗಿಸಿದರೂ ನಿಲ್ಲದಿದ್ದರೆ ಎದ್ದು ಬರುವುದು. ಓಣಿಯ ಅಷ್ಟೂ ಮಗ್ಗಗಳ ಗದ್ದಲದಲ್ಲಿ ನಮ್ಮದನ್ನೇ ಆರಿಸಿ ಕೇಳುವುದು ಹೇಗೆಂದರೆ, "ನಿಮ್ಮ ಮಗ್ಗಕ್ಕ ಕೆಮ್ಮು ಐತಿ" ಎನ್ನುತ್ತಿದ್ದರು.

"ಮತ್ತ ನಿಮ್ಮನ್ನ ಯಾರ ನೋಡ್ತಾರ್ರೀ?" ಎಂದು ಕೇಳಿದ್ದೆ.

"ಕಂಡಿಕಿ ತೀರಿತಂದ್ರ ಬರ್ತಾನಲ್ಲ ನಿಮ್ಮಪ್ಪ, ಬುಟ್ಟಿ ಹಿಡಕೊಂಡು. ಆವಾಗ ನೋಡ್ತಾನ."

ಇಬ್ಬರೂ ನಕ್ಕೆವು. ನಾನು ಆ ಮಾತನ್ನು ಅಲ್ಲೇ ಮರೆತೆ.

ಹೋದ ವರ್ಷದ ಮಳೆಗಾಲದಲ್ಲಿ, ಮಗ್ಗ ನಿಲ್ಲದೆಯೇ ಆ ಮೂರನೆಯ ಕಂಡಿಕೆ ಮುಗಿಯಿತು. ಮಾವಶಿ ಸೀರೆ ಎತ್ತಿ ಕಟ್ಟಿ ಓಡಿಬಂದಾಗ ಅಪ್ಪ ಮಗ್ಗದ ಬಾಜೂ ಬೆವತು ಒರಗಿದ್ದರಂತೆ, ಕಣ್ಣು ಅರ್ಧ ಮುಚ್ಚಿತ್ತಂತೆ. ಮೊದಲು ಮಗ್ಗ ಆರಿಸಿದರು. ಆಮೇಲೆ ಅಪ್ಪನ ಕೆನ್ನೆಯೊಳಗೆ ಬೆರಳಿನಿಂದ ಸಕ್ಕರೆ ತಿಕ್ಕಿದರು, ಎಚ್ಚರಾದ ಮೇಲೆ ಸಕ್ಕರೆ ನೀರು ಕುಡಿಸಿ, ಮರಾಠಿಯಲ್ಲಿ ಬೈದು, ಎದುರಿಗೆ ಕುಳಿತು ರೊಟ್ಟಿ ತಿನ್ನಿಸಿದರು. ನನಗೆ ಫೋನ್ ಬಂದದ್ದು ಶಾಲೆ ಬಿಡುವ ಹೊತ್ತಿಗೆ. "ಏನೂ ಆಗಿಲ್ಲ. ಬಸ್ಸಿಗೆ ಓಡಬ್ಯಾಡ, ಸಾವಕಾಶ ಬಾ." ಮನೆಗೆ ಬಂದು ನೋಡಿದರೆ ನೇಯುತ್ತಿದ್ದ ಸೀರೆಯಲ್ಲಿ ಒಂದು ಗೇಣು ಅಡ್ಡ ಹೊಕ್ಕಿನ ನೂಲೇ ಇಲ್ಲ, ಬರೀ ಉದ್ದ ಹಾಸಿನ ಎಳೆಗಳು. ಅಪ್ಪ ಬಿದ್ದಿದ್ದ ಹೊತ್ತು ಅಷ್ಟುದ್ದ. 

ಅಂದಿನಿಂದ ನನ್ನ ಅಂಜಿಕೆಗೆ ಹೊಸ ಹೊಸ ಕಾರಣ ಸಿಗತೊಡಗಿದವು. ಮಾವಶಿಯ ಮನೆಯ ಹೊಸ್ತಿಲು ಎತ್ತರದ್ದು, ಮಳೆಗೆ ಕಲ್ಲು ಜಾರುತ್ತದೆ. ಅಪ್ಪ ದಿನಕ್ಕೆ ಏಳೆಂಟು ಸಲ ಅದನ್ನು ದಾಟಿ ಹೋಗಿ ಬರುವುದನ್ನು ನೆನೆದರೆ ಪಾಠ ತಪ್ಪುತ್ತಿತ್ತು. "ಇಡೀ ದಿನದ ಕಂಡಿಕೀನ ಹಿಂದಿನ ದಿನಾನ ಸುತ್ತಿ ಇಡ್ರಿ, ಮುಂಜಾನೆ ನಾನ ಒಯ್ದು ಅಪ್ಪನ ಬಾಜೂಕ ಇಡ್ತೀನಿ" ಎಂದೆ.

ಮಾವಶಿ ಕ್ಷಣ ಹೊತ್ತು ರಾಟಿ ನಿಲ್ಲಿಸಿದರು. "ನಿಮ್ಮಪ್ಪ ಬರೂದಽ ಬ್ಯಾಡೇನು?"

"ಬ್ಯಾಡ್ರೀ. ಎಲ್ಲೆರೆ ಬಿದ್ದಗಿದ್ದಾರು."

"ಆತ ತಗೋ" ಅಂದರು. ರಾಟಿ ಮತ್ತೆ ತಿರುಗತೊಡಗಿತು.

ಚಳಿಗಾಲ ಕಳೆಯುವ ಹೊತ್ತಿಗೆ, ಒಂದು ಮಧ್ಯಾಹ್ನ ಮೂರರ ಸುಮಾರಿಗೆ, ಶಾಲೆಯಲ್ಲಿದ್ದಾಗ ಅಪ್ಪನ ಫೋನ್ ಬಂತು. ಅಪ್ಪ ಯಾವತ್ತೂ ಫೋನ್ ಮಾಡುವವರಲ್ಲ. ಅವರು ಕುಸಿದಿಲ್ಲವಲ್ಲ, ಮಾತಾಡುತ್ತಿದ್ದಾರಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ಬೆಳಿಗ್ಗೆ ನಾನು ಇಟ್ಟುಹೋಗಿದ್ದ ಬುಟ್ಟಿ ಅಂದು ಬೇಗ, ಮೂರು ಗಂಟೆಗೇ ಖಾಲಿಯಾಗಿತ್ತು. ಅಪ್ಪ ಆಗ ಎದ್ದು ಹೋದರೆ ಮಾವಶಿ ರಾಟಿಯ ಪಕ್ಕ ಗೋಡೆಗೆ ಒರಗಿದ್ದರು, ಬೆರಳಿಗೆ ನೂಲು ಸುತ್ತಿಕೊಂಡೇ ಇತ್ತು. ಹೃದಯಾಘಾತ, ಜೀವ ಹೋಗಿ ನಾಲ್ಕೈದು ತಾಸಾಗಿರಬೇಕು ಎಂದರು ವೈದ್ಯರು. ಮೊದಲೇ ನೋಡಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದೆ. "ಹೇಳಲಿಕ್ಕೆ ಬರೋದಿಲ್ಲ" ಎಂದರು. ಇಲ್ಲ ಎಂದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಗೋವಾದಿಂದ ಬಂದ ಮಗ ಕಾರ್ಯ ಮುಗಿಸಿ, ಬಾಡಿಗೆ ಮನೆ ಖಾಲಿ ಮಾಡಿ, ರಾಟಿಯನ್ನು ನಮಗೇ ಬಿಟ್ಟುಹೋದ. ಅಪ್ಪನನ್ನು ಅತ್ತ ಹೋಗದಂತೆ ಮಾಡಿದ ನನ್ನ ಬುಟ್ಟಿಯ ವಿಷಯವನ್ನು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಆ ಮನೆಗೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಬಂದಿದ್ದಾಳೆ. ಮೊಲೆ ಬಿಡದ ಕೂಸು, ಗಂಡನಿಗೆ ಫೌಂಡ್ರಿಯಲ್ಲಿ ಪಾಳಿ ಕೆಲಸ. ಸುಣ್ಣ ಹೊಡೆದರೂ ಎಣ್ಣೆ ಕಲೆ ಮತ್ತೆ ಎದ್ದಿದೆ. "ಇದೇನ್ರೀ ಅಕ್ಕಾರ, ಹೋಗವಲ್ದು" ಎಂದಳು. ಅವಳ ಹೊಲಿಗೆ ಮಷೀನನ್ನು ಆ ಗೋಡೆಗೇ ಹಚ್ಚಿ ಇಡಿಸಿದೆ, ಮಗ್ಗ ಕೇಳುವುದನ್ನು ಕಲಿಸಿದೆ. ಕಂಡಿಕೆಯನ್ನು ನಾನೇ ಸಂಜೆ ಕುಳಿತು ಸುತ್ತುತ್ತೇನೆ. ಬುಟ್ಟಿಯನ್ನು ಮಾತ್ರ ಅವಳ ಮನೆಯಲ್ಲಿಡುತ್ತೇನೆ. ಅಪ್ಪ ಒಂದು ಸಲಕ್ಕೆ ನಾಲ್ಕೇ ನಾಲ್ಕು ತರಬೇಕು.

"ಹತ್ತ ಹತ್ತ ಸಲಾ ನನ್ನ ಏಳಸ್ತೀ ಅಲ್ಲ, ಇಲ್ಲೇ ಇಟ್ರ ಏನಾಗತೈತಿ ನಿನಗ?" ಎಂದು ಅಪ್ಪ ಗೊಣಗುತ್ತಾರೆ.

ಹೊಸ್ತಿಲಿನ ಅಂಜಿಕೆ ನನಗಿನ್ನೂ ಹೋಗಿಲ್ಲ. ಆದರೂ ದಿನಾ ಬಸ್ಸಿಗೆ ಹೊರಡುವ ಮುನ್ನ ಅವರ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳುತ್ತೇನೆ: "ಏಳಪ್ಪಾ. ಎದ್ದು ಹೋಗಿ, ಅಕೀನ್ನ ನೋಡಿ ಬಾ."